ಹಂದಿಮರಿಗಳು ಸಾಯುವವರೆಗೆ ಕಾಯಬೇಕೆ?

2013ರ ಬೇಸಿಗೆಗೆ ಮುನ್ನ ಅಮೆರಿಕದ ಹಂದಿ ಫಾರ್ಮ್‌ಗಳಲ್ಲಿ ಎಳೆಮರಿಗಳು ನೀರಿನಂತೆ ಭೇದಿಯಾಗಿ ಸಾಯತೊಡಗಿದವು. ಕರುಳಿನ ಒಳಪದರ ಸವೆದುಹೋಗಿ, ಕುಡಿದ ಹಾಲು ಮೈಗೆ ಹತ್ತುತ್ತಿರಲಿಲ್ಲ. ತಾಯಿ ಹಂದಿಗಳು ಚೇತರಿಸಿಕೊಂಡವು. ವಾರ ತುಂಬದ ಮರಿಗಳಲ್ಲಿ ಬದುಕಿದ್ದು ತೀರಾ ಕಡಿಮೆ. ಕೈಯಲ್ಲಿ ಲಸಿಕೆಯಿರಲಿಲ್ಲ. ಸತ್ತ ಮರಿಗಳ ಕರುಳನ್ನೇ ಅರೆದು ಗಬ್ಬದ ಹಂದಿಗಳಿಗೆ ತಿನ್ನಿಸಿದವರಿದ್ದಾರೆ, ಗಿಣ್ಣುಹಾಲಿನ ಮೂಲಕವಾದರೂ ಮುಂದಿನ ಮರಿಗಳಿಗೆ ರಕ್ಷಣೆ ಸಿಗಲಿ ಎಂದು. ಒಂದು ವರ್ಷದಲ್ಲಿ ಸುಮಾರು 70 ಲಕ್ಷ ಮರಿಗಳು ಸತ್ತವೆಂಬ ಅಂದಾಜಿದೆ.

ಕಾರಣ ಪಿಇಡಿ ಎಂಬ ಕೊರೊನಾವೈರಸ್. ಯುರೋಪಿನಲ್ಲಿ 1970ರ ದಶಕದಿಂದಲೇ ಗೊತ್ತಿದ್ದ ವೈರಸ್ ಇದು. ಆದರೆ ಅಮೆರಿಕದಲ್ಲಿ ಸಿಕ್ಕಿದ ತಳಿಯ ಜೀನ್‌ಗಳನ್ನು ಓದಿದಾಗ ಅದು ಚೀನಾದ ಆನ್‌ಹುಯಿ ಪ್ರಾಂತ್ಯದ 2012ರ ತಳಿಗೆ ಹತ್ತಿರವಿತ್ತು. ಚೀನಾದಲ್ಲಿ 2010ರಿಂದಲೇ ಹಳೆಯ ತಳಿಯಿಂದ ಮಾಡಿದ ಲಸಿಕೆ ಹೊಸ ತಳಿಗಳ ಮುಂದೆ ಸೋತಿತ್ತು. 2014ರಲ್ಲಿ ಅಮೆರಿಕದ ಓಹಾಯೊದಲ್ಲಿ ಮತ್ತೊಂದು ತಳಿ ಕಂಡಿತು. ಅದರ ಮುಳ್ಳಿನ ಪ್ರೋಟೀನಿನ ಜೀನ್‌ನಲ್ಲಿ ಕೆಲವು ತುಣುಕುಗಳೇ ಇರಲಿಲ್ಲ, ಸಾವೂ ಅಷ್ಟಿರಲಿಲ್ಲ. ರೋಗದ ಹೆಸರು ಒಂದೇ ಆದರೂ ರೈತನ ನಷ್ಟ ಒಂದೇ ಅಲ್ಲ. ಆದ್ದರಿಂದ ರೋಗದ ಜೊತೆಗೆ ತಳಿಯನ್ನೂ ಗುರುತಿಸಲೇಬೇಕು.

ಕಾಯಿಲೆ ಬಿದ್ದ ಹಂದಿಯನ್ನಷ್ಟೇ ಪರೀಕ್ಷಿಸಿದರೂ ಸಾಲದು. ಅಮೆರಿಕದ ಒಂದು ಫಾರ್ಮ್‌ನಲ್ಲಿ ಮರಿಗಳ ಮಲ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಮರಿಗಳಲ್ಲೂ ತಲಾ ಸರಾಸರಿ ನಾಲ್ಕು ಬಗೆಯ ವೈರಸ್‌ಗಳಿದ್ದವು. ಒತ್ತೊತ್ತಾಗಿ ಕೂಡಿಹಾಕಿದ ಕೊಟ್ಟಿಗೆಯಲ್ಲಿ ಹತ್ತಿರದ ಸಂಬಂಧಿ ವೈರಸ್‌ಗಳು ಒಂದೇ ಜೀವಕೋಶಕ್ಕೆ ಹೊಕ್ಕಾಗ ಜೀನ್‌ಗಳು ಅದಲುಬದಲಾಗಬಹುದು. ಭೇದಿ ತರುವ ರೋಟಾವೈರಸ್‌ನ ಜೀನ್‌ಗಳಂತೂ 11 ಬಿಡಿ ತುಣುಕುಗಳಲ್ಲಿವೆ, ಬೆರಕೆಗೆ ಅಷ್ಟೇ ಸಲೀಸು. ಬೆಂಗಳೂರಿನ ನವಜಾತ ಶಿಶುಗಳಲ್ಲಿ ಹಿಂದೆ ಪತ್ತೆಯಾದ ಐ321 ಎಂಬ ರೋಟಾವೈರಸ್‌ನಲ್ಲಿ ಹೆಚ್ಚಿನ ತುಣುಕುಗಳು ದನಗಳ ವೈರಸ್‌ನವು, ಎರಡು ಮಾತ್ರ ಮನುಷ್ಯರ ವೈರಸ್‌ನವು.

ಪ್ರಾಣಿಗಳ ವೈರಸ್ ಮನುಷ್ಯರಿಗೂ ದಾಟಬಹುದು: ಹಂದಿಯ ಕರುಳಿನ ಮತ್ತೊಂದು ಕೊರೊನಾವೈರಸ್ ಹೈಟಿಯ ಮೂವರು ಮಕ್ಕಳಲ್ಲಿ ಸಿಕ್ಕಿರುವುದು 2021ರಲ್ಲಿ ವರದಿಯಾಗಿದೆ. ಗಾಬರಿ ಬೇಡ, ಅಸಡ್ಡೆಯಂತೂ ಬೇಡವೇ ಬೇಡ.

2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು 90 ಲಕ್ಷ ಹಂದಿಗಳಿದ್ದವು. ಅಸ್ಸಾಮಿನಿಂದ ಕೊಡಗಿನವರೆಗೆ, ಸಾಕುವವರಲ್ಲಿ ಬಹಳಷ್ಟು ಮಂದಿ ಸಣ್ಣ ಹಿಡುವಳಿಯವರು. ಒಂದು ಸೂಲಿನ ಮರಿಗಳು ಸತ್ತರೆ ಆ ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆ. ಜಾನುವಾರು ರೋಗಗಳ ಮೇಲೆ ಕಣ್ಣಿಡಲೆಂದೇ ಇರುವ ಕೇಂದ್ರದ ನಿವೇದಿ ಸಂಸ್ಥೆ ಬೆಂಗಳೂರಿನ ಯಲಹಂಕದಲ್ಲಿದೆ. ಆರೋಗ್ಯವಂತ ಹಂದಿಗಳ ಮಲವನ್ನೂ ನಿಯಮಿತವಾಗಿ ತರಿಸಿ, ವೈರಸ್‌ಗಳ ಜೀನ್ ಓದಿ, ಫಲಿತಾಂಶವನ್ನು ಊರಿನ ಪಶುವೈದ್ಯರಿಗೆ ಮುಟ್ಟಿಸುವ ಕೆಲಸಕ್ಕೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಮುಂದಿನ ಬಜೆಟ್‌ನಲ್ಲೇ ಹಣ ತೆಗೆದಿಡಲಿ.