ಸೈಕಲ್ಲಿಗೆ ಎಂಜಿನ್ ಕಟ್ಟುವವರಿಗೂ, ಬಹುಮಾನ ಕೊಡುವವರಿಗೂ

ಕಳೆದ ತಿಂಗಳು ನನ್ನ ತಂಗಿಯ ಮೊಮ್ಮಗ ಫೋನು ಮಾಡಿದ್ದ. ಪ್ರಥಮ ಪಿಯುಸಿ ಓದುತ್ತಿರುವ ಜಾಣ ಹುಡುಗ. ಕುಶಲ ವಿಚಾರಿಸಿದ ಮೇಲೆ ಮೆಲ್ಲನೆ ವಿಷಯಕ್ಕೆ ಬಂದ. ಸೈಕಲ್ಲಿಗೆ ಕಟ್ಟುವ ಪುಟ್ಟ ಪೆಟ್ರೋಲ್ ಎಂಜಿನ್ನು, ಅದರ ಚೈನು, ಟ್ಯಾಂಕು, ಸೈಲೆನ್ಸರ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಈಗ ಮನೆ ಬಾಗಿಲಿಗೇ ಬರುತ್ತವಂತೆ. ಅವನ ಅಪ್ಪ ಬೇಡವೆಂದಿದ್ದಾರೆ. "ಅಜ್ಜಾ, ನೀವು ವಿಜ್ಞಾನದ ಮೇಷ್ಟ್ರು. ನೀವೊಂದು ಮಾತು ಹೇಳಿದರೆ ಅಪ್ಪ ಒಪ್ಕೋತಾರೆ. ಎಂಜಿನ್ ಹತ್ತು ವರ್ಷ ಬಾಳಿಕೆ ಬರುತ್ತೆ ಅಂತ ವಿಡಿಯೋದಲ್ಲಿ ತೋರಿಸಿದಾರೆ" ಎಂದ.

"ಯೋಚಿಸಿ ಹೇಳುತ್ತೇನೆ ಮಗೂ" ಎಂದು ಫೋನು ಇಟ್ಟೆ. ಆ ಯೋಚನೆಯೇ ಈ ಬರಹ. ಇದು ಅವನಿಗಷ್ಟೇ ಬರೆದದ್ದಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ, ವಿಜ್ಞಾನ ವಸ್ತುಪ್ರದರ್ಶನಗಳಿಗೆ ತೀರ್ಪುಗಾರರಾಗಿ ಹೋಗುತ್ತೀರಿ. ಇನ್ನನೇಕರು ತಂದೆ ತಾಯಂದಿರಾಗಿದ್ದೀರಿ. ನಿಮಗೂ ಇದನ್ನು ಹೇಳಬೇಕಾಗಿದೆ. ಹೇಳುವ ಮುನ್ನ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಆಗ ನಾನು ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿದ್ದೆ. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತ್ತು. ನಮ್ಮ ಶಾಲೆಯ ಒಬ್ಬ ಹುಡುಗ ತನಗೆ ಬಂದ ಆ ಸೈಕಲ್ಲಿಗೆ, ಅಡಿಕೆ ತೋಟದಲ್ಲಿ ಕಳೆ ಹೊಡೆಯುವ ಯಂತ್ರದ ಹಳೆಯ ಎಂಜಿನ್ನನ್ನು ಕಟ್ಟಿದ. ಬೆಸುಗೆ ಹಾಕಿಸಿದ, ಗುಜರಿಯಿಂದ ಹಲ್ಲುಚಕ್ರ ತಂದ, ಎರಡು ತಿಂಗಳು ಒದ್ದಾಡಿದ. ಕೊನೆಗೊಂದು ದಿನ ಆಟದ ಬಯಲಿನಲ್ಲಿ ಅದು ಭರ್ರೆಂದು ಓಡಿದಾಗ ಇಡೀ ಶಾಲೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು. ತಾಲ್ಲೂಕು ಮಟ್ಟದ ಪ್ರದರ್ಶನಕ್ಕೆ ಕರೆದುಕೊಂಡು ಹೋದವನೂ ನಾನೇ. 'ಬಡವರ ಬೈಕು' ಎಂಬ ಫಲಕವನ್ನು ನನ್ನ ಕೈಯಾರೆ ಬರೆದೆ. ಪ್ರಥಮ ಬಹುಮಾನ ಬಂತು. ಒಬ್ಬ ತೀರ್ಪುಗಾರರಾದರೂ, ನಾನಾದರೂ, "ಮಗೂ, ಇದನ್ನು ನಿಲ್ಲಿಸುವುದು ಹೇಗೆ?" ಎಂದು ಕೇಳಲಿಲ್ಲ.

ಬಹುಮಾನ ಬಂದ ಮೇಲೆ ಅವನು ಅದನ್ನು ದಿನವೂ ಓಡಿಸತೊಡಗಿದ. ಬಹುಮಾನ ಬಂದ ಯಂತ್ರವನ್ನು ಯಾವ ಹುಡುಗ ತಾನೇ ಮೂಲೆಯಲ್ಲಿಟ್ಟಾನು? ಮೂರನೆಯ ತಿಂಗಳಲ್ಲಿ, ಊರಿನ ಇಳಿಜಾರಿನಲ್ಲಿ ಚೈನು ಬಿಗಿಹಿಡಿಯುವ ಪುಟ್ಟ ಗಾಲಿಯ ನಟ್ಟು ಅದುರಿ ಅದುರಿ ಸಡಿಲವಾಗಿ, ಗಾಲಿ ವಾಲಿ, ಹಿಂಬದಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿತು. ಚಕ್ರ ಕಚ್ಚಿಕೊಂಡಿತು. ಹುಡುಗ ರಸ್ತೆಯ ಮೇಲೆ ಬಿದ್ದ. ಮೊಣಕೈ ಮುರಿಯಿತು. ಇಂದಿಗೂ ಅವನ ಬಲಗೈ ಪೂರ್ತಿ ನೀಳವಾಗುವುದಿಲ್ಲ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡವೆಂದು ನಾವಿಬ್ಬರೂ ನಿರ್ಧರಿಸಿದ್ದೇವೆ.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು ಆಡಿದ ಮೊದಲ ಮಾತು: "ಎಂಜಿನ್ ಚೆನ್ನಾಗೇ ಇತ್ತು ಸಾರ್. ನಾನು ಬಿದ್ದ ಮೇಲೂ ಓಡ್ತಾನೇ ಇತ್ತು."

ಈ ಒಂದು ಮಾತಿನಲ್ಲಿ ನಾನು ಹೇಳಬೇಕಾದುದೆಲ್ಲ ಅಡಗಿದೆ. ಎಂಜಿನ್ನು ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವುದೇ ತಪ್ಪು. ಅದನ್ನು ಹೊತ್ತ ಸೈಕಲ್ಲು ಎಷ್ಟು ದಿನ ಬಾಳುತ್ತದೆ ಎಂದು ಕೇಳಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಒಂದು ಕೆಲಸಕ್ಕೆ ಹುಟ್ಟಿದ ಯಂತ್ರವನ್ನು ಬೇರೊಂದು ಕೆಲಸಕ್ಕೆ ಹುಟ್ಟಿದ ವಾಹನಕ್ಕೆ ಹೂಡಿ, ಎರಡರಲ್ಲಿ ಒಂದರ ಆಯುಷ್ಯವನ್ನಷ್ಟೇ ಹೊಗಳುವುದು ವಿಜ್ಞಾನವಲ್ಲ.

ಲೆಕ್ಕ ಹಾಕೋಣ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಹೊಸತಲ್ಲ. ಸಾಧಾರಣ ಮನುಷ್ಯ ಸಮತಟ್ಟಾದ ರಸ್ತೆಯಲ್ಲಿ ಆಯಾಸವಿಲ್ಲದೆ ಸೈಕಲ್ ತುಳಿಯುವಾಗ ಹೊರಹಾಕುವ ಶಕ್ತಿ ಸುಮಾರು 100 ವಾಟ್. ಒಂದು ಅಶ್ವಶಕ್ತಿಯೆಂದರೆ 746 ವಾಟ್. ಪೆಟ್ಟಿಗೆಯಲ್ಲಿ ಬರುವ ಎಂಜಿನ್ನು ಎರಡು ಅಶ್ವಶಕ್ತಿಯ ಆಸುಪಾಸಿನದು ಎಂದಿಟ್ಟುಕೊಂಡರೆ ಸುಮಾರು 1,500 ವಾಟ್. ಅಂದರೆ ಹದಿನೈದು ಮಂದಿ ಒಟ್ಟಿಗೆ ಒಂದೇ ಸೈಕಲ್ಲನ್ನು ತುಳಿದಂತೆ! ಆ ಬಲವೆಲ್ಲ ಹೋಗಿ ಬೀಳುವುದು ಎಲ್ಲಿ? ಅನೇಕ ಸೆಟ್ಟುಗಳಲ್ಲಿ ದೊಡ್ಡ ಹಲ್ಲುಚಕ್ರವನ್ನು ಹಿಂಬದಿ ಚಕ್ರದ ಕಡ್ಡಿಗಳಿಗೇ, ನಡುವೆ ರಬ್ಬರ್ ಬಿಲ್ಲೆಯಿಟ್ಟು, ಬೋಲ್ಟುಗಳಿಂದ ಬಿಗಿಯುತ್ತಾರೆ. ಸೈಕಲ್ಲಿನ ಕಡ್ಡಿ ಇರುವುದು ಮೇಲಿನ ಭಾರವನ್ನು ಹೊರಲು ಮತ್ತು ಗುಂಬದಿಂದ ಬಂದ ತುಳಿತವನ್ನು ರಿಮ್ಮಿಗೆ ಮುಟ್ಟಿಸಲು. ತನ್ನ ಮೈಮಧ್ಯದಲ್ಲಿ ಹಲ್ಲುಚಕ್ರವನ್ನು ಹೊತ್ತು ಅಡ್ಡಡ್ಡ ಎಳೆಸಿಕೊಳ್ಳಲು ಅಲ್ಲ.

ಇನ್ನು ಅದುರುವಿಕೆ. 26 ಅಂಗುಲದ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಸಾಗುತ್ತದೆ. ಇಂಥ ಎಂಜಿನ್ನು ಚಕ್ರದ ಒಂದು ಸುತ್ತಿಗೆ ತಾನು ಸುಮಾರು 18 ಸುತ್ತು ತಿರುಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ 4,300 ಸುತ್ತಿಗೂ ಮಿಗಿಲು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಸ್ಫೋಟ. ಹತ್ತು ಕಿಲೋಮೀಟರ್ ದೂರದ ಕಾಲೇಜಿಗೆ ಒಂದು ಸಲ ಹೋಗುವಷ್ಟರಲ್ಲಿ ಸೈಕಲ್ಲಿನ ಫ್ರೇಮಿಗೆ ಸುಮಾರು 87,000 ಪೆಟ್ಟು! ಪ್ರತಿಯೊಂದೂ ಸಣ್ಣ ಪೆಟ್ಟೇ. ಆದರೆ ಹನಿ ಹನಿಗೂಡಿದರೆ ಹಳ್ಳ ಎಂಬುದು ಲೋಹಕ್ಕೂ ಸಲ್ಲುವ ಮಾತು. ಒಮ್ಮೆಗೆ ಮುರಿಯದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ತುಂಡಾಗುತ್ತದಲ್ಲವೆ? ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಬೆಸುಗೆಯ ಬಾಯಿ, ಫೋರ್ಕಿನ ಕತ್ತು, ಕಡ್ಡಿಯ ಮೊಳೆತಲೆ, ಎಂಜಿನ್ನನ್ನು ಹಿಡಿದ ಬೋಲ್ಟು: ದಣಿವು ಕಾಣಿಸಿಕೊಳ್ಳುವುದು ಇಂಥ ಕಡೆಗಳಲ್ಲೇ. ಪ್ರದರ್ಶನದ ಬಯಲಿನಲ್ಲಿ ಹತ್ತು ನಿಮಿಷ ಓಡಿಸಿದಾಗ ಇದಾವುದೂ ಕಾಣುವುದಿಲ್ಲ.

ಬ್ರೇಕಿನ ಸಂಗತಿ ಇನ್ನೂ ಸರಳ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ ನಾಲ್ಕು ಮಾರಿನಲ್ಲಿ ನಿಲ್ಲುತ್ತಿದ್ದ ಸೈಕಲ್ಲು, 32ರಲ್ಲಿ ಅದೇ ಬ್ರೇಕಿನಿಂದ ನಿಲ್ಲಲು ಹದಿನಾರು ಮಾರು ಬೇಡುತ್ತದೆ. ಇದು ಒಣ ರಸ್ತೆಯ ಲೆಕ್ಕ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ, ನೆನೆದ ಉಕ್ಕಿನ ರಿಮ್ಮಿನ ಮೇಲೆ ರಬ್ಬರ್ ಕಟ್ಟೆ ಹೇಗೆ ಜಾರುತ್ತದೆ ಎಂಬುದನ್ನು ಸೈಕಲ್ ತುಳಿದು ಶಾಲೆಗೆ ಬರುತ್ತಿದ್ದ ನಿಮಗೆ ನಾನು ಹೇಳಬೇಕಾಗಿಲ್ಲ.

ಹೋಗಲಿ, ಎಂಜಿನ್ನಾದರೂ ಹತ್ತು ವರ್ಷ ಬಾಳುತ್ತದೆಯೇ? ಒಪ್ಪಿಕೊಳ್ಳುತ್ತೇನೆ: ಕೈಯಲ್ಲಿ ಹುನ್ನರವಿರುವವನು, ವಾರಕ್ಕೊಮ್ಮೆ ನಟ್ಟು ಬಿಗಿದು, ಪೆಟ್ರೋಲಿಗೆ ಎಣ್ಣೆಯನ್ನು ಅಳತೆ ತಪ್ಪದೆ ಬೆರೆಸಿ, ಸೈಲೆನ್ಸರಿನ ಮಸಿ ಕೆರೆದು ನೋಡಿಕೊಂಡರೆ ಟೂ ಸ್ಟ್ರೋಕ್ ಎಂಜಿನ್ನು ಬಹುಕಾಲ ದುಡಿಯುತ್ತದೆ. ಆದರೆ ಎಣ್ಣೆ ಕಡಿಮೆಯಾದ ಒಂದೇ ದಿನ ಸಾಕು, ಪಿಸ್ಟನ್ನು ಕಚ್ಚಿಕೊಳ್ಳಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೇಲಾಗಿ, 2025ರಿಂದ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಹೀರುತ್ತದೆ. ಅದಕ್ಕೆಂದೇ ಮಾಡಿರದ ರಬ್ಬರ್ ಕೊಳವೆಯನ್ನು ಕೆಡಿಸುತ್ತದೆ. ತನ್ನಲ್ಲೇ ಆಮ್ಲಜನಕವನ್ನು ಹೊತ್ತಿರುವುದರಿಂದ, ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಮಿಶ್ರಣವನ್ನು ತೆಳುವಾಗಿಸಿ ಎಂಜಿನ್ನಿನ ಕಾವನ್ನು ಏರಿಸುತ್ತದೆ.

ಇಷ್ಟು ಹೇಳಿದೊಡನೆ ಯಾರಾದರೂ ಹೋಂಡಾ ಅವರ ಉದಾಹರಣೆ ಕೊಡುತ್ತಾರೆ. ಕೊಡಲಿ, ಆದರೆ ಪೂರ್ತಿ ಕೊಡಲಿ. 1946ರಲ್ಲಿ, ಯುದ್ಧದಿಂದ ಹಾಳಾದ ಜಪಾನಿನ ಹಮಾಮಾತ್ಸುವಿನಲ್ಲಿ, ಸೊಯಿಚಿರೊ ಹೋಂಡಾ ಅವರು ಸೈನ್ಯದ ವೈರ್‌ಲೆಸ್ ಯಂತ್ರಗಳಿಗಾಗಿ ಮಾಡಿ ಉಳಿದಿದ್ದ ಸಣ್ಣ ಎಂಜಿನ್ನುಗಳನ್ನು ಸೈಕಲ್ಲಿಗೆ ಕಟ್ಟಿದರು. ಬಿಸಿನೀರು ತುಂಬಿ ಹಾಸಿಗೆ ಬೆಚ್ಚಗಿಡುವ ಡಬ್ಬಿಯೇ ಮೊದಲ ಪೆಟ್ರೋಲ್ ಟ್ಯಾಂಕು. ಇದು ನಿಜ. ಆದರೆ ಅವರು ಅಲ್ಲೇ ನಿಂತರೆ? 1949ರಲ್ಲಿ ಸ್ವಂತ ಉಕ್ಕಿನ ಫ್ರೇಮಿನ 'ಡ್ರೀಮ್' ಬಂತು. 1952ರಲ್ಲಿ ಸೈಕಲ್ಲಿಗೆ ಕಟ್ಟುವ 'ಕಬ್' ಎಂಜಿನ್ನನ್ನು ಮತ್ತೆ ಮಾರಿದರಾದರೂ, 1958ರಲ್ಲಿ ಎಂಜಿನ್ನು, ಫ್ರೇಮು, ಚಕ್ರ, ಬ್ರೇಕು ಎಲ್ಲವನ್ನೂ ಒಟ್ಟಿಗೆ ಕಲ್ಪಿಸಿಕೊಂಡು 'ಸೂಪರ್ ಕಬ್' ಮಾಡಿದರು. 2017ರ ಹೊತ್ತಿಗೆ ಹತ್ತು ಕೋಟಿ ತಯಾರಾಗಿ ಜಗತ್ತನ್ನು ಗೆದ್ದದ್ದು ಇದು. ಫ್ರಾನ್ಸಿನ 'ಸೋಲೆಕ್ಸ್' 1946ರಿಂದ 1988ರವರೆಗೆ ಬಾಳಿತೆಂದರೆ, ಅದೂ ಎಂಜಿನ್ನನ್ನು ಹೊರಲೆಂದೇ ರೂಪಿಸಿದ ಸೈಕಲ್ಲು. ಹೋಂಡಾ ಅವರ ಮೊದಲ ಹೆಜ್ಜೆಯನ್ನಷ್ಟೇ ಮಕ್ಕಳಿಗೆ ಹೇಳಿ ಮುಂದಿನ ಹನ್ನೆರಡು ವರ್ಷಗಳ ದುಡಿಮೆಯನ್ನು ಮರೆಮಾಚುವುದು ಅರ್ಧಸತ್ಯ.

ಅಷ್ಟು ದೂರ ಏಕೆ? 1972ರಲ್ಲಿ ನಮ್ಮ ದೇಶದಲ್ಲೇ ಲೂನಾ ಬಂತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಎರಡಕ್ಕೂ ಪೆಡಲ್ ಇತ್ತು, ಎರಡರದೂ 50 ಸಿಸಿಯ ಪುಟ್ಟ ಎಂಜಿನ್ನು. ನಾನು 1986ರಲ್ಲಿ ಕೊಂಡ ಲೂನಾ ನನ್ನನ್ನು ಹದಿನಾಲ್ಕು ವರ್ಷ ಹೊತ್ತಿತು. ನಿಮ್ಮಲ್ಲಿ ಕೆಲವರು ಏರಿನಲ್ಲಿ ಅದನ್ನು ಹಿಂದಿನಿಂದ ತಳ್ಳಿದ್ದೂ ಉಂಟು! ಅದರ ಎಂಜಿನ್ನು ಪೆಟ್ಟಿಗೆಯ ಎಂಜಿನ್ನಿಗಿಂತ ದೊಡ್ಡದೇನಲ್ಲ. ಆದರೆ ಸುತ್ತಲಿನ ಫ್ರೇಮು ಅದಕ್ಕಾಗಿಯೇ ಹುಟ್ಟಿತ್ತು, ಚಕ್ರದೊಳಗೆ ಡ್ರಮ್ ಬ್ರೇಕ್ ಇತ್ತು, ಬಿಡಿಭಾಗ ಪೇಟೆಯಲ್ಲಿ ಸಿಗುತ್ತಿತ್ತು. ನಿಜವಾದ 'ಬಡವರ ಬೈಕು' ಅದು. ಫಲಕ ಬರೆಯುವಾಗ, ಹೊರಗೆ ನಿಲ್ಲಿಸಿದ್ದ ನನ್ನ ಹಳೆಯ ಗಾಡಿಯ ನೆನಪೇ ನನಗಾಗಲಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು 25 ಸಿಸಿ ಮೀರದ ಎಂಜಿನ್ನುಳ್ಳದ್ದು ಮೋಟಾರು ವಾಹನವಲ್ಲ. ಅದನ್ನು ಮೀರಿದರೆ ನೋಂದಣಿ, ಲೈಸೆನ್ಸು, ವಿಮೆ ಎಲ್ಲವೂ ಬೇಕು. ಮಾರುಕಟ್ಟೆಯ ಸಾಮಾನ್ಯ ಸೆಟ್ಟುಗಳು 48 ಸಿಸಿಯಿಂದ ಮೇಲಿನವು. ವಿಮೆಯಿಲ್ಲದ ಗಾಡಿ ದಾರಿಹೋಕರಿಗೆ ಗುದ್ದಿದರೆ ಪರಿಹಾರದ ಹೊರೆ ಮನೆಯವರ ಮೇಲೆ. ಓಡಿಸಿದವನು ಅಪ್ರಾಪ್ತನಾದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆವಾಸ ಆಗಬಹುದು. ತುಳಿಯಲು ನೆರವು ಬೇಕೆಂದರೆ, 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಮುಟ್ಟಿದೊಡನೆ ತಾನೇ ಕೈಬಿಡುವ ವಿದ್ಯುತ್ ಸೈಕಲ್ಲಿಗೆ ನಿಯಮ ರಿಯಾಯಿತಿ ಕೊಟ್ಟಿದೆ. ಆ ನಿಯಮ ಶಕ್ತಿ ಮತ್ತು ವೇಗದ ಜೊತೆಗೆ ತಕ್ಕ ಬ್ರೇಕನ್ನೂ ಕೇಳುತ್ತದೆ. ತಾಲ್ಲೂಕು ಪ್ರದರ್ಶನದ ತೀರ್ಪುಗಾರರಿಗೆ ಹೊಳೆಯದಿದ್ದದ್ದು ನಿಯಮ ಬರೆದವರಿಗೆ ಹೊಳೆದಿದೆ.

"ಮಕ್ಕಳ ಸೃಜನಶೀಲತೆಯನ್ನು ಚಿವುಟಬೇಡಿ ಸಾರ್" ಎಂದು ಒಬ್ಬ ಶಿಕ್ಷಕ ಮಿತ್ರರು ನನಗೆ ಹೇಳಿದರು. ಚಿವುಟಬೇಡಿ ಎಂದೇ ನಾನೂ ಹೇಳುವುದು. ಹುಡುಗನೊಬ್ಬ ಎಂಜಿನ್ ಬಿಚ್ಚಲಿ, ಜೋಡಿಸಲಿ, ಸ್ಟ್ಯಾಂಡಿನ ಮೇಲೆ ಚಕ್ರ ತಿರುಗಿಸಿ ತೋರಿಸಲಿ; ಬೆನ್ನು ತಟ್ಟೋಣ. ಆದರೆ ರಸ್ತೆಗಿಳಿಯುವ ಯಂತ್ರಕ್ಕೆ ಬಹುಮಾನ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ. ಒಂದು, ಇದು ಎಷ್ಟು ದೂರದಲ್ಲಿ ನಿಲ್ಲುತ್ತದೆ, ಅಳೆದಿದ್ದೀಯಾ? ಎರಡು, ಇದರಲ್ಲಿ ಮೊದಲು ಮುರಿಯುವ ಭಾಗ ಯಾವುದು, ಅದು ಮುರಿದಾಗ ಕುಳಿತವನ ಗತಿಯೇನು? ಮೂರು, ನಿನ್ನ ತಂಗಿಯನ್ನು ಇದರ ಮೇಲೆ ಕೂರಿಸುತ್ತೀಯಾ? ಉತ್ತರವಿಲ್ಲದಿದ್ದರೆ ಬಹುಮಾನ ತಡೆಹಿಡಿಯಿರಿ. ಮಗು ಒಂದು ದಿನ ಅಳುತ್ತದೆ, ಅಷ್ಟೇ. ಕೈಯಂತೂ ಉಳಿಯುತ್ತದೆ.

ಮೊಮ್ಮಗನಿಗೆ ನಿನ್ನೆ ಫೋನು ಮಾಡಿ ಬೇಡವೆಂದೆ. "ಎಂಜಿನ್ ಬಗ್ಗೆ ಏನೂ ಹೇಳಲೇ ಇಲ್ವಲ್ಲ ಅಜ್ಜಾ" ಎಂದು ಮುನಿಸಿಕೊಂಡ. ಅದರ ಬಗ್ಗೆ ನನ್ನ ತಕರಾರೇನೂ ಇಲ್ಲವೆಂದೆ. ರಜೆಗೆ ಬಂದಾಗ ಅವನನ್ನು ನನ್ನ ಆ ಹಳೆಯ ವಿದ್ಯಾರ್ಥಿಯ ಬಳಿಗೆ ಕರೆದೊಯ್ಯುವುದೆಂದು ಮಾತಾಗಿದೆ. ಅವನು ಈಗ ಪಂಪ್‌ಸೆಟ್, ಕಳೆ ಹೊಡೆಯುವ ಯಂತ್ರಗಳ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಆ ಸೀಮೆಗೇ ಒಳ್ಳೆಯ ಕೆಲಸಗಾರ. ಯಂತ್ರದ ಹಗ್ಗ ಎಳೆದು ಸ್ಟಾರ್ಟ್ ಮಾಡುವುದು ಮಾತ್ರ ಎಡಗೈಯಲ್ಲಿ.