ಇನ್‌ಸ್ಟಾಲರ್ ಕೋಡ್ ಯಾರ ಬಳಿ ಇರಬೇಕು?

ಮನೆಗೆ ಅಳವಡಿಸುವ ಅಲಾರಂ ಪ್ಯಾನೆಲ್‌ಗೆ ಎರಡು ಬಗೆಯ ಗುಪ್ತ ಸಂಖ್ಯೆಗಳಿರುತ್ತವೆ. ಅಲಾರಂ ಹಾಕಲು ಮತ್ತು ತೆಗೆಯಲು ಮನೆಯವರು ದಿನವೂ ಒತ್ತುವ ಮಾಸ್ಟರ್ ಕೋಡ್ ಮೊದಲನೆಯದು. ಅಲಾರಂ ಆದಾಗ ಪ್ಯಾನೆಲ್ ಯಾರಿಗೆ ಕರೆ ಮಾಡಬೇಕು, ಸುದ್ದಿಯನ್ನು ಯಾವ ರೂಪದಲ್ಲಿ ಮುಟ್ಟಿಸಬೇಕು, ಕರೆ ಸೇರದಿದ್ದರೆ ಎಷ್ಟು ಸಲ ಮತ್ತೆ ಯತ್ನಿಸಬೇಕು ಎಂಬಂಥ ಸಂಪರ್ಕ ಸೆಟ್ಟಿಂಗ್‌ಗಳನ್ನು ತೆರೆಯುವ ಇನ್‌ಸ್ಟಾಲರ್ ಕೋಡ್ ಎರಡನೆಯದು. ಈ ಎರಡನೆಯದು ವಾಡಿಕೆಯಲ್ಲಿ ಅಳವಡಿಸಿಕೊಟ್ಟವರ ಬಳಿಯೇ ಉಳಿದುಬಿಡುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳಂಥ ಊರುಗಳಲ್ಲಿ ಅದನ್ನು ಮನೆಯವರಿಗೆ ಒಪ್ಪಿಸಬೇಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಇಲ್ಲಿವೆ.

ಪರ: ಬೀಗ ಮನೆಯವರದು, ಕೀಲಿಯೂ ಅವರದೇ ಆಗಬೇಕು

2021ರ ಜನವರಿ 15ರಂದು ದೇಶದಾದ್ಯಂತ ಒಂದು ಪುಟ್ಟ ನಿಯಮ ಜಾರಿಗೆ ಬಂದಿತು: ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವವರು ಹತ್ತು ಅಂಕಿಗಳ ಮುಂದೆ ಸೊನ್ನೆ ಒತ್ತಲೇಬೇಕು. ಅಲ್ಲಿಯವರೆಗೆ ಕರ್ನಾಟಕ ಸರ್ಕಲ್‌ನೊಳಗಿನ ಮೊಬೈಲಿಗೆ ಸೊನ್ನೆಯ ಹಂಗಿರಲಿಲ್ಲ. ಬತ್ತೇರಿಯ ಅಥವಾ ಗೂಡಲೂರಿನ ನಂಟರ ಸಂಖ್ಯೆ ಕೇರಳದ್ದೋ ತಮಿಳುನಾಡಿನದೋ ಆದ್ದರಿಂದ ಅದಕ್ಕೆ ಮಾತ್ರ ಸೊನ್ನೆ ಹಚ್ಚುವುದು ಗುಂಡ್ಲುಪೇಟೆಯವರಿಗೆ ಮೊದಲಿನಿಂದಲೂ ರೂಢಿಯಾಗಿತ್ತು. ನಿಯಮ ಬದಲಾದಾಗ ಮನುಷ್ಯರು ಧ್ವನಿಮುದ್ರಿತ ಸೂಚನೆಯನ್ನು ಕೇಳಿಸಿಕೊಂಡು, ಒಮ್ಮೆ ಗೊಣಗಿ, ಸೊನ್ನೆ ಸೇರಿಸಿ ಮತ್ತೆ ಒತ್ತಿದರು. ಸ್ಥಿರ ದೂರವಾಣಿಯ ತಂತಿಗೆ ಜೋಡಿಸಿದ ಪ್ಯಾನೆಲ್ ಹಾಗೆ ಮಾಡಲಾರದು: ಅದರ ಸ್ಮರಣೆಯಲ್ಲಿ ಹತ್ತು ಅಂಕಿಗಳನ್ನು ಬರೆದಿದ್ದರೆ ಅದು ಹತ್ತನ್ನೇ ಒತ್ತುತ್ತದೆ, ಸೂಚನೆಯ ಹೆಣ್ಣುದನಿಗೆ ಕಿವಿಗೊಡದೆ ಲೈನ್ ಇಡುತ್ತದೆ, ನಿಗದಿಪಡಿಸಿದಷ್ಟು ಸಲ ಇದನ್ನೇ ಮಾಡಿ ಸುಮ್ಮನಾಗುತ್ತದೆ.

ಇದನ್ನು ಸರಿಪಡಿಸಲು ಬೇಕಾದದ್ದು ಎಷ್ಟು ಕೆಲಸ ಎಂಬುದನ್ನು ನೋಡಬೇಕು. ಡಿಎಸ್‌ಸಿ ಕಂಪನಿಯ ಪವರ್ ಸೀರೀಸ್ ಪ್ಯಾನೆಲ್‌ಗಳನ್ನೇ ತೆಗೆದುಕೊಂಡರೆ, ಕೀಪ್ಯಾಡಿನಲ್ಲಿ ನಕ್ಷತ್ರದ ಗುಂಡಿ, 8, ಬಳಿಕ ಇನ್‌ಸ್ಟಾಲರ್ ಕೋಡ್ ಒತ್ತಿದಾಗ ಒಳಗಿನ ವಿಭಾಗಗಳು ತೆರೆದುಕೊಳ್ಳುತ್ತವೆ. 301ನೆಯ ವಿಭಾಗದಲ್ಲಿ ಮೊದಲು ಕರೆಯಬೇಕಾದ ದೂರವಾಣಿ ಸಂಖ್ಯೆ, 310ರಲ್ಲಿ ಪ್ಯಾನೆಲ್ ತನ್ನನ್ನು ಗುರುತಿಸಿಕೊಳ್ಳುವ ಗ್ರಾಹಕ ಸಂಖ್ಯೆ, 350ರಲ್ಲಿ ಸುದ್ದಿ ಕಳಿಸುವ ಕ್ರಮ ಇರುತ್ತವೆ. 301ರ ಆರಂಭದಲ್ಲಿ ಡಯಲ್ ಟೋನ್ ಬರುವವರೆಗೆ ಕಾಯಲು ಹೇಳುವ ‘ಡಿ’ ಎಂಬ ಸಂಕೇತವಿದ್ದು, ಅದರ ಪಕ್ಕದಲ್ಲಿ ಒಂದು ಸೊನ್ನೆ ಕೂಡಿಸಿದರೆ ಮುಗಿಯಿತು. ಎರಡು ನಿಮಿಷದ ಈ ಕೆಲಸಕ್ಕೆ ಕೋಡ್ ಇಲ್ಲದ ಮನೆಯವರು ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಿಂದ ಟೆಕ್ನಿಷಿಯನ್ ಬರುವ ದಿನವನ್ನು ಕಾಯಬೇಕು, ಬಂದುಹೋಗುವ ಖರ್ಚನ್ನೂ ಕೊಡಬೇಕು. ಅದಕ್ಕೂ ಹೆಚ್ಚಿನ ತೊಂದರೆಯೆಂದರೆ ಕಾಯಬೇಕೆಂಬುದೇ ಅವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಬಾಗಿಲು ತೆಗೆದು ಪರೀಕ್ಷಿಸಿದಾಗಲೆಲ್ಲ ಸೈರನ್ ಎಂದಿನಂತೆ ಬೀದಿಗೆ ಕೇಳುವಷ್ಟು ಜೋರಾಗಿಯೇ ಕೂಗುತ್ತದೆ. ಕರೆ ಹೋಗುತ್ತಿಲ್ಲವೆಂಬುದು ಬಯಲಾಗುವುದು ಯುಗಾದಿ ಜಾತ್ರೆಗೆಂದು ಮನೆಮಂದಿಯೆಲ್ಲ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿದ್ದಾಗ.

ತಂತಿ ಹೋಗಿ ಸಿಮ್ ಬಂದ ಮೇಲೂ ಕಥೆ ಬದಲಾಗಿಲ್ಲ. ಪ್ಯಾನೆಲ್‌ನೊಳಗಿನ ಪ್ರೀಪೇಯ್ಡ್ ಸಿಮ್‌ನ 28 ದಿನದ ಅವಧಿ ಮುಗಿದರೆ ಅದರ ಬಾಯಿ ಕಟ್ಟಿಹೋಗುತ್ತದೆ. ಹಳೆಯ ಜಿಎಸ್‌ಎಂ ಪೆಟ್ಟಿಗೆಗಳಲ್ಲಿ ಅನೇಕವು 2ಜಿ ಮಾತ್ರ ಬಲ್ಲವಾದ್ದರಿಂದ, 2016ರಲ್ಲಿ 4ಜಿಯೊಂದನ್ನೇ ಹೊತ್ತು ಬಂದ ಜಿಯೋ ಸಿಮ್ ಅವುಗಳಲ್ಲಿ ಉಸಿರಾಡುವುದೇ ಇಲ್ಲ. ಮನೆಯವರು ಸಿಮ್ ಬದಲಿಸುತ್ತಾರೆ, ಮಗ ಬೆಂಗಳೂರಿಗೆ ಹೋಗಿ ಸಂಖ್ಯೆ ಬದಲಿಸುತ್ತಾನೆ, ಎದುರುಮನೆಯವರು ಮನೆಯನ್ನೇ ಬದಲಿಸುತ್ತಾರೆ. ಕರೆಯ ಸರದಿ ಯಾವುದಾಗಿರಬೇಕೆಂಬುದನ್ನು ಅಲ್ಲಿ ಬದುಕುವವರೇ ಹೇಳಬಲ್ಲರು. ಬಂಡೀಪುರದ ಕಾಡಿನೊಳಗೆ ಹಾದುಹೋಗುವ 766 ಮತ್ತು 181ನೆಯ ರಾಷ್ಟ್ರೀಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಬತ್ತೇರಿಯ ಮದುವೆಮನೆಯಲ್ಲಿರುವ ಯಜಮಾನನಿಗೆ ರಾತ್ರಿ ಹತ್ತಕ್ಕೆ ಕರೆ ಬಂದರೆ ಅವನು ಬೆಳಗಾಗುವವರೆಗೆ ಗುಂಡ್ಲುಪೇಟೆ ಮುಟ್ಟಲಾರ. ಅಂಥ ರಾತ್ರಿಗೆ ಮೊದಲ ಸಂಖ್ಯೆ ಅವನದಲ್ಲ, ಓಡಿಬರಬಲ್ಲ ಪಕ್ಕದ ಮನೆಯವರದಾಗಬೇಕು; ಹೊರಡುವ ಮುನ್ನ ಅದನ್ನು ಅವನೇ ಬದಲಿಸುವಂತಿರಬೇಕು.

ಇದು ಪರಿಣತರ ವಿದ್ಯೆ ಎಂಬ ಮಾತನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ. ಪ್ಯಾನೆಲ್‌ಗಳು ನಿಗಾ ಕೇಂದ್ರಕ್ಕೆ, ಎಂದರೆ ಹಗಲಿರುಳು ಅಲಾರಂ ಸುದ್ದಿಗಳನ್ನು ಪಡೆಯುವ ಕಚೇರಿಗೆ, ಮಾತನಾಡಲು ಬಳಸುವ ಅತ್ಯಂತ ರೂಢಿಯ ಭಾಷೆ ಅಡೆಮ್ಕೊ ಕಂಪನಿ ರೂಪಿಸಿದ ಕಾಂಟ್ಯಾಕ್ಟ್ ಐಡಿ. ಫೋನಿನ ಗುಂಡಿ ಒತ್ತಿದಾಗ ಕೇಳಿಸುವ ನಾದಗಳಲ್ಲೇ ಅದು ಹದಿನಾರು ಅಂಕಿಗಳನ್ನು ಉಲಿಯುತ್ತದೆ. 1234, 18, 1, 130, 01, 003, 7 ಎಂಬ ಸುದ್ದಿಯಲ್ಲಿ 1234 ಗ್ರಾಹಕ ಸಂಖ್ಯೆ, 18 ಭಾಷೆಯ ಗುರುತು, 1 ಎಂದರೆ ಹೊಸ ಘಟನೆ, 130 ಎಂದರೆ ಕಳ್ಳತನದ ಅಲಾರಂ, 01 ಮನೆಯ ವಿಭಾಗ, 003 ಮೂರನೆಯ ಝೋನ್, ಎಂದರೆ ಹಿತ್ತಿಲ ಬಾಗಿಲೋ ಅಟ್ಟದ ಕಿಟಕಿಯೋ. ಕೊನೆಯ 7 ತಾಳೆ ನೋಡುವ ಅಂಕಿ: ಮೊದಲ ಹದಿನೈದನ್ನು, ಸೊನ್ನೆಯನ್ನು 10 ಎಂದು ಹಿಡಿದು, ಕೂಡಿಸಿದರೆ 68, 15ರ ಮಗ್ಗಿಯಲ್ಲಿ ಮುಂದಿನದು 75, ನಡುವಿನ ಕೊರತೆ 7. ಮಗ್ಗಿ ಬಲ್ಲ ಹುಡುಗಿಯೊಬ್ಬಳು ಸ್ಲೇಟಿನ ಮೇಲೆ ಮಾಡಬಹುದಾದ ಲೆಕ್ಕವನ್ನು ರಹಸ್ಯವಿದ್ಯೆಯಂತೆ ಕಾಪಾಡುವವರ ಆಸಕ್ತಿ ಭದ್ರತೆಯಲ್ಲಿರುವುದಕ್ಕಿಂತ ವಾರ್ಷಿಕ ನಿರ್ವಹಣಾ ಕರಾರಿನಲ್ಲಿರುತ್ತದೆ. ಕೆಲವು ಪ್ಯಾನೆಲ್‌ಗಳಲ್ಲಿ ಇನ್‌ಸ್ಟಾಲರ್ ಲಾಕ್‌ಔಟ್ ಎಂಬ ಸೌಲಭ್ಯವೂ ಇದೆ. ಅದನ್ನು ಹಾಕಿಟ್ಟರೆ ಪ್ಯಾನೆಲ್ ಅನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವುದೂ ಮನೆಯವರಿಂದಾಗದು. ದುಡ್ಡು ಕೊಟ್ಟು ಕೊಂಡ ವಸ್ತುವಿಗೆ ಮಾರಿದವನೇ ಒಡೆಯನಾಗಿ ಉಳಿಯುವ ಈ ಏರ್ಪಾಟನ್ನು ಪಂಪ್‌ಸೆಟ್ಟಿನ ಸ್ಟಾರ್ಟರಿನ ವಿಷಯದಲ್ಲಿ ಯಾವ ರೈತನೂ ಸಹಿಸುವುದಿಲ್ಲ. ಮನೆಯವರು ತಪ್ಪು ಮಾಡಿಯಾರು ಎಂಬ ಭಯಕ್ಕೆ ಇಷ್ಟೇ ಉತ್ತರ: ತಪ್ಪು ಮಾಡಿದವರು ಆ ಮನೆಯಲ್ಲೇ ಇರುತ್ತಾರೆ, ಸಂಜೆಯೊಳಗೆ ತಿದ್ದಿಕೊಳ್ಳುತ್ತಾರೆ.

ವಿರೋಧ: ಬಲ್ಲವರ ಕೈಯಲ್ಲೇ ಇರಲಿ

ಇನ್‌ಸ್ಟಾಲರ್ ಕೋಡ್ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನಷ್ಟೇ ತೆರೆಯುವುದಿಲ್ಲವೆಂಬುದನ್ನು ಮೊದಲು ಗಮನಿಸಬೇಕು. ಯಾವ ಝೋನ್ ಸದಾ ಎಚ್ಚರವಾಗಿರಬೇಕು, ಹೊರಹೋಗಲು ಎಷ್ಟು ಸೆಕೆಂಡು ಅವಕಾಶ, ಹೊಗೆಯ ಸೆನ್ಸರಿಗೆ ಯಾವ ಸ್ಥಾನ ಎಂಬುದೆಲ್ಲ ಅದೇ ಬಾಗಿಲಿನ ಹಿಂದೆ ಇರುತ್ತದೆ. ಸಂಖ್ಯೆ ಬದಲಿಸಲು ಒಳಹೊಕ್ಕವರು ಪಕ್ಕದ ವಿಭಾಗದಲ್ಲಿ ಒಂದು ಅಂಕಿ ತಪ್ಪಿ ಒತ್ತಿದರೆ, ರಾತ್ರಿ ಅಲಾರಂ ಹಾಕದಿದ್ದಾಗಲೂ ಕಾಯಬೇಕಾದ ಹೊಗೆಯ ಸೆನ್ಸರ್ ಮಾಮೂಲಿ ಬಾಗಿಲಿನ ಸೆನ್ಸರಾಗಿ ನಿದ್ದೆ ಹೋಗಬಹುದು. ಇದು ಸಂಜೆಯೊಳಗೆ ತಿಳಿಯುವ ತಪ್ಪಲ್ಲ.

ಸುದ್ದಿ ಕಳಿಸುವ ಕ್ರಮದ ಆಯ್ಕೆಯೂ ಅಷ್ಟು ಸರಳವಲ್ಲ. ಕಾಂಟ್ಯಾಕ್ಟ್ ಐಡಿ ಕ್ರಮದಲ್ಲಿ ಪ್ಯಾನೆಲ್ ಕರೆ ಮಾಡಿದ ಬಳಿಕ ಆ ಬದಿಯಿಂದ 1400 ಮತ್ತು 2300 ಹರ್ಟ್ಸ್‌ನ ಎರಡು ನಾದಗಳು ಬರುವವರೆಗೆ ಕಾಯುತ್ತದೆ. ಅವು ನಿಗಾ ಕೇಂದ್ರದ ಯಂತ್ರ ಕೊಡುವ ‘ಹೇಳು’ ಎಂಬ ಸನ್ನೆ. ಆ ಕ್ರಮವನ್ನು ಹಾಗೆಯೇ ಬಿಟ್ಟು ದೂರವಾಣಿ ಸಂಖ್ಯೆಯ ಜಾಗದಲ್ಲಿ ಮಾತ್ರ ಭಾವಮೈದುನನ ಮೊಬೈಲ್ ಹಾಕಿದರೆ, ಭಾವಮೈದುನ ಎತ್ತಿ ‘ಹಲೋ, ಹಲೋ, ಯಾರು?’ ಎನ್ನುತ್ತಾನೆ, ಪ್ಯಾನೆಲ್ ನಾದಕ್ಕಾಗಿ ಕಾಯುತ್ತದೆ, ಇಬ್ಬರೂ ಬೇಸತ್ತು ಲೈನ್ ಇಡುತ್ತಾರೆ. ಮನುಷ್ಯರಿಗೆಂದೇ ಬೇರೆ ಕ್ರಮವಿರುವುದನ್ನು ಬಲ್ಲವರು ಆ ತಪ್ಪು ಮಾಡುವುದಿಲ್ಲ. ತಾಳೆ ನೋಡುವ ಅಂಕಿಯೂ ಇಲ್ಲಿ ನೆರವಿಗೆ ಬಾರದು: ಅದು ದಾರಿಯಲ್ಲಿ ಕೆಟ್ಟ ಸುದ್ದಿಯನ್ನು ಹಿಡಿಯುತ್ತದೆಯೇ ವಿನಾ ಬರೆಯುವಾಗಲೇ ತಪ್ಪಿದ ಗ್ರಾಹಕ ಸಂಖ್ಯೆಯನ್ನಲ್ಲ; ಬೇರೆಯವರ ಸಂಖ್ಯೆ ಹೊತ್ತು ಹೋದ ಸುದ್ದಿಯ ಲೆಕ್ಕವೂ ಸರಿಯಾಗಿಯೇ ತಾಳೆಯಾಗುತ್ತದೆ.

ವಿದ್ಯುತ್ತಿನ ಸಂಗತಿಯೂ ಒಂದಿದೆ. ಇಲ್ಲಿನ ವಿದ್ಯುತ್ ಕಂಪನಿಯಾದ ಸೆಸ್ಕ್ ಪೂರೈಕೆಯ ಊರುಗಳಲ್ಲಿ ಕರೆಂಟ್ ಹೋಗಿಬಂದಾಗಲೆಲ್ಲ ಪ್ಯಾನೆಲ್ ಕಾಂಟ್ಯಾಕ್ಟ್ ಐಡಿಯ 301 ಎಂಬ ಸುದ್ದಿ (ಮೇಲೆ ಹೇಳಿದ 301ನೆಯ ವಿಭಾಗವಲ್ಲ), ಎಂದರೆ ಮುಖ್ಯ ವಿದ್ಯುತ್ ನಿಂತಿದೆ ಎಂಬ ಸುದ್ದಿ, ಕಳಿಸುತ್ತದೆ. ಹೊತ್ತುಗೊತ್ತಿಲ್ಲದ ಈ ಕರೆಗಳಿಂದ ರೋಸಿದ ಮನೆಯವರು ದೋಷದ ಸುದ್ದಿಗಳನ್ನೆಲ್ಲ ಒಟ್ಟಿಗೆ ಆರಿಸಿಬಿಟ್ಟರೆ, ಬ್ಯಾಟರಿ ಸೋತಿದೆ ಎಂದು ಹೇಳುವ 302 ಕೂಡ ಅದರೊಡನೆ ಆರುತ್ತದೆ. ಪರಿಣತರಾದರೆ 301 ಹೊರಡುವ ಮುನ್ನ ಕಾಯಬೇಕಾದ ಅವಧಿಯನ್ನು ಹೆಚ್ಚಿಸಿ, 302ನ್ನು ಮುಟ್ಟದೆ ಬಿಡುತ್ತಾರೆ. ಏಕೆಂದರೆ ಪ್ಯಾನೆಲ್‌ನ 12 ವೋಲ್ಟಿನ ಸೀಸದ ಬ್ಯಾಟರಿ ಕೆಲವು ವರ್ಷಗಳಲ್ಲಿ ಸದ್ದಿಲ್ಲದೆ ಸಾಯುವಂಥದ್ದು.

ಇನ್ನು 112ರ ಮಾತು. ಕೋಡ್ ಕೈಗೆ ಬಂದವರು ಮೊದಲ ಸಂಖ್ಯೆಯಾಗಿ ತುರ್ತು ಸಹಾಯದ 112ನ್ನೇ ಬರೆಯುವ ಆಸೆಗೆ ಬೀಳುವುದು ಸಹಜ. ಚಲನೆಯ ಸೆನ್ಸರ್ ದೇಹದ ಶಾಖದ ಚಲನೆಯನ್ನು ಗ್ರಹಿಸುವ ಸಾಧನವಾದರೂ, ಅದರ ಲೆನ್ಸಿನ ಮೇಲೆಯೇ ಹರಿದಾಡುವ ಹಲ್ಲಿ ಅದಕ್ಕೆ ಆಳೆತ್ತರದ ಕಳ್ಳನಂತೆ ತೋರಬಲ್ಲುದು. ಹಲ್ಲಿಗಾಗಿ ಮೂರು ರಾತ್ರಿ ಬಂದುಹೋದ ಪೊಲೀಸರು ನಾಲ್ಕನೆಯ ರಾತ್ರಿ ಎಷ್ಟು ಅವಸರದಿಂದ ಬರುತ್ತಾರೆಂಬುದನ್ನು ಊಹಿಸಬಹುದು. ಜೊತೆಗೆ, ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬುದೂ ಇದ್ದೇ ಇದೆ. ಮಾಸ್ಟರ್ ಕೋಡ್ ಸೋರಿದರೆ ಒಂದು ದಿನದ ಕಾವಲು ಹೋಗುತ್ತದೆ, ಇನ್‌ಸ್ಟಾಲರ್ ಕೋಡ್ ಸೋರಿದರೆ ಪ್ಯಾನೆಲ್ ಯಾರಿಗೂ ಕರೆ ಮಾಡದಂತೆ ಮೊದಲೇ ಸಜ್ಜುಗೊಳಿಸಿ ಬರಬಹುದು.

ಅಳವಡಿಸಿಕೊಡುವವರ ಕಡೆಯಲ್ಲೂ ಲೋಪಗಳಿರುವುದನ್ನು ಒಪ್ಪಬೇಕಾಗುತ್ತದೆ. ಕಾರ್ಖಾನೆಯಿಂದ ಬಂದ ಇನ್‌ಸ್ಟಾಲರ್ ಕೋಡ್ ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ. ಅದನ್ನು ಬದಲಿಸದೆ ಹೋಗುವವರಿದ್ದಾರೆ, ಮತ್ತು ಅಂಥ ಕಡೆ ಗುಟ್ಟು ಎಂಬುದು ಮನೆಯವರಿಗೆ ಮಾತ್ರ ಗುಟ್ಟು. ಲೈನ್ ಸತ್ತಿದೆಯೇ ಎಂದು ಅರಿಯಲು 602 ಎಂಬ ನಿಯತ ಪರೀಕ್ಷಾ ಸುದ್ದಿಯನ್ನು ದಿನಕ್ಕೋ ವಾರಕ್ಕೋ ಒಮ್ಮೆ ಹೊರಡಿಸುವ ಏರ್ಪಾಟಿದೆ, ಅದು ಬಾರದ ದಿನ ಎಚ್ಚೆತ್ತುಕೊಳ್ಳಬೇಕಾದದ್ದು ಪಡೆಯುವವರ ಹೊಣೆ. ಪಡೆಯುವವರೇ ಇಲ್ಲದಂತೆ ಅದನ್ನು ಆರಿಸಿಟ್ಟ ಪ್ಯಾನೆಲ್‌ಗೆ ಪರಿಣತರ ಕೈ ಸೋಕಿದ್ದರೇನು, ಬಿಟ್ಟಿದ್ದರೇನು. ಅಂಗಡಿ ಮುಚ್ಚಿದರೆ ಅಥವಾ ಟೆಕ್ನಿಷಿಯನ್ ಊರು ಬಿಟ್ಟರೆ, ಲಾಕ್‌ಔಟ್ ಹಾಕಿದ ಪ್ಯಾನೆಲ್‌ನ ಒಳಹಲಗೆಯನ್ನೇ ಬದಲಿಸಬೇಕಾದೀತು ಎಂಬುದೂ ಸುಳ್ಳಲ್ಲ.

ಆದ್ದರಿಂದ ಕೋಡನ್ನು ಬದಲಿಸಿ, ಬರೆದು, ಲಕೋಟೆಯಲ್ಲಿಟ್ಟು, ಅಂಟಿಸಿ, ಮೇಲೆ ಸಹಿ ಮಾಡಿ ಮನೆಯವರಿಗೆ ಕೊಟ್ಟುಹೋಗುವ ಕ್ರಮವನ್ನು ವಿರೋಧಿಸಲು ಕಾರಣವಿಲ್ಲ. ಅಂಟು ಬಿಚ್ಚಿದ್ದರೆ ಯಾರೋ ಕೈಯಾಡಿಸಿದ್ದಾರೆಂಬುದು ಮುಂದಿನ ಸಲ ಬಂದವರಿಗೆ ತಿಳಿಯುತ್ತದೆ. ಆ ಲಕೋಟೆ ಬೀರುವಿನಲ್ಲಿರಬೇಕೇ ಹೊರತು, ಕೀಪ್ಯಾಡಿನ ಪಕ್ಕದ ಮೊಳೆಗೆ ತೂಗುವ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡುವ ನಂಬರಿನ ಕೆಳಗೆ ಕೋಡನ್ನು ಬರೆದಿಡುವಂತಾಗಬಾರದು.