ತುಟಿ ಒಡೆದರೆ ಉಷ್ಣವನ್ನೇ ದೂರಬೇಕೆ?

ಡಿಸೆಂಬರ್ ಬಂತೆಂದರೆ ದೆಹಲಿಯ ಕನ್ನಡದ ಮನೆಗಳಿಂದ ಊರಿಗೆ ಹೋಗುವ ಫೋನುಗಳಲ್ಲಿ ಒಂದು ದೂರು ಖಾಯಂ. ತುಟಿ ಒಡೆದಿದೆ, ನಕ್ಕರೆ ರಕ್ತ ಜಿನುಗುತ್ತದೆ, ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಆ ಕಡೆಯ ಉತ್ತರವೂ ಖಾಯಂ. ಧಾರವಾಡದ ತಾಯಿಯಾದರೆ "ಉಷ್ಣ ಆಗೇದ, ಮಜ್ಜಿಗಿ ಕುಡಿ" ಎನ್ನುತ್ತಾರೆ. ಮೈಸೂರಿನ ತಾಯಿಯಾದರೆ "ಉಷ್ಣ ಆಗಿದೆ ಕಣೋ, ಎಳನೀರು ಕುಡಿ" ಎನ್ನುತ್ತಾರೆ. ಎರಡು ಸ್ವೆಟರ್ ತೊಟ್ಟು, ಹೀಟರ್ ಮುಂದೆ ಕೂತು ನಡುಗುತ್ತಿರುವ ಮಗನಿಗೆ ಉಷ್ಣವಾಗಿದೆ ಎಂಬ ಮಾತು ವಿಚಿತ್ರವೆಂದು ಇಬ್ಬರಿಗೂ ಅನ್ನಿಸುವುದಿಲ್ಲ.

ಅನ್ನಿಸದಿರುವುದಕ್ಕೆ ಕಾರಣ ಕನ್ನಡದಲ್ಲೇ ಇದೆ. ಮುಟ್ಟಿದರೆ ಸುಡುವುದಕ್ಕೆ ಬಿಸಿ, ಬೆವರು ಹರಿಸುವ ಹವೆಗೆ ಸೆಕೆ, ಜ್ವರದ ಮೈಗೆ ಕಾವು ಎಂದು ನಮ್ಮಲ್ಲಿ ಬೇರೆ ಬೇರೆ ಪದಗಳಿವೆ. ಉಷ್ಣಕ್ಕೂ ಥರ್ಮಾಮೀಟರಿಗೂ ಸಂಬಂಧವಿಲ್ಲ. ಫ್ರಿಜ್ಜಿನಿಂದ ತೆಗೆದ ಪಪ್ಪಾಯಿಯೂ ಉಷ್ಣವೇ. ಬಾಯಿಹುಣ್ಣು, ಕಣ್ಣುರಿ, ಉರಿಮೂತ್ರ, ಒಡೆದ ತುಟಿ ಎಲ್ಲವೂ ಆ ಒಂದೇ ಪದದ ಕೆಳಗೆ ಬರುತ್ತವೆ. ಪದ ಹಳೆಯದು, ಅದರ ಹಿಂದೆ ಒಂದು ಇಡೀ ಆಹಾರಪದ್ಧತಿ ಇದೆ, ಅದನ್ನು ಗೇಲಿ ಮಾಡಬೇಕಾಗಿಲ್ಲ. ಆದರೆ ತುಟಿಯ ವಿಷಯದಲ್ಲಿ ಈ ಪದ ಒಂದು ಹಾನಿ ಮಾಡುತ್ತದೆ. ಉತ್ತರ ಮೊದಲೇ ಸಿಕ್ಕಿಬಿಡುವುದರಿಂದ, ಒಡೆದದ್ದು ಎಲ್ಲಿ, ಎಷ್ಟು ದಿನದಿಂದ ಎಂದು ಯಾರೂ ಕೇಳುವುದಿಲ್ಲ.

ಚಳಿಗಾಲದ ಸಾಮಾನ್ಯ ಒಡಕಿನ ಕಾರಣ ಹೊರಗಿನ ಗಾಳಿಯಲ್ಲಿದೆ. ಮೈಯ ಉಳಿದ ಚರ್ಮದಲ್ಲಿ ಬೆವರಿನ ಗ್ರಂಥಿಗಳಿವೆ, ಎಣ್ಣೆ ಸುರಿಸುವ ಗ್ರಂಥಿಗಳಿವೆ. ತುಟಿಯ ಕೆಂಪು ಭಾಗದಲ್ಲಿ ಬೆವರಿನ ಗ್ರಂಥಿ ಇಲ್ಲ, ಎಣ್ಣೆಯ ಗ್ರಂಥಿಯೂ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಪದರವೂ ಬಹಳ ತೆಳು. ಹಾಗಾಗಿ ಒಳಗಿನ ತೇವ ಸುಲಭವಾಗಿ ಆರಿಹೋಗುತ್ತದೆ.

ಬೆಳಿಗ್ಗೆ ಮಂಜು ಕವಿದು ಎದುರಿನ ಬಸ್ಸೇ ಕಾಣದ ದೆಹಲಿಯಲ್ಲಿ ತುಟಿ ಒಣಗುವುದು ಹೇಗೆ ಎಂಬ ಪ್ರಶ್ನೆ ಸಹಜ. 10 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು 9 ಗ್ರಾಂ. 25 ಡಿಗ್ರಿಯಲ್ಲಿ ಅದು 23 ಗ್ರಾಂ. ಹೊರಗಿನ ಮಂಜಿನ ಗಾಳಿ ಕೋಣೆಯೊಳಗೆ ಬಂದು ಹೀಟರಿನಿಂದ ಬೆಚ್ಚಗಾದಾಗ ಅದರಲ್ಲಿರುವ ನೀರು ಅಷ್ಟೇ ಇರುತ್ತದೆ, ಹಿಡಿಯುವ ಶಕ್ತಿ ಮಾತ್ರ ಎರಡೂವರೆ ಪಟ್ಟಾಗುತ್ತದೆ. ಆ ಬಾಯಾರಿದ ಗಾಳಿ ನೀರನ್ನು ಎಲ್ಲಿ ಸಿಕ್ಕರೆ ಅಲ್ಲಿಂದ ಎಳೆಯುತ್ತದೆ, ತುಟಿಯಿಂದಲೂ. ಮುಂಬೈ, ಚೆನ್ನೈಗಳ ಸಮುದ್ರದ ಹವೆಯಲ್ಲಿ ಈ ಕಾಟ ಕಡಿಮೆ. ಅಲ್ಲೂ ದಿನಕ್ಕೆ ಹತ್ತು ತಾಸು ಎಸಿ ಆಫೀಸಿನಲ್ಲಿ ಕೂರುವವರಿಗೆ ಒಣಹವೆ ತಪ್ಪಿದ್ದಲ್ಲ. ಪುಣೆ, ಹೈದರಾಬಾದ್ ಇರುವುದು ದಖ್ಖನ್ ಪ್ರಸ್ಥಭೂಮಿಯ ಮೇಲೆ. ಅಲ್ಲಿ ಚಳಿಗಾಲದ ಜೊತೆಗೆ ಮಾರ್ಚ್, ಏಪ್ರಿಲ್‌ಗಳೂ ಒಣ ತಿಂಗಳುಗಳೇ.

ಮಜ್ಜಿಗೆ ಕುಡಿಯುವುದು ಒಳ್ಳೆಯದೇ. ನೀರು ಸಾಲದ ಮೈಯಲ್ಲಿ ಬಾಯಿ, ತುಟಿ ಒಣಗುವುದೂ ನಿಜ. ಆದರೆ ಸಾಕಷ್ಟು ನೀರು ಕುಡಿಯುವವರು ಇನ್ನೆರಡು ಲೋಟ ಹೆಚ್ಚು ಕುಡಿದರೆ ತುಟಿಯ ಮೇಲೆ ಜಿಡ್ಡು ಹುಟ್ಟುವುದಿಲ್ಲ. ರಾತ್ರಿ ಹೊಕ್ಕುಳಿಗೆ ಎಣ್ಣೆ ಹಾಕಿದರೂ ಹುಟ್ಟುವುದಿಲ್ಲ. ಹೊಕ್ಕುಳಿಂದ ತುಟಿಗೆ ದಾರಿ ಇಲ್ಲ. ತುಟಿಗೆ ಬೇಕಾದದ್ದು ಒಂದು ಮುಚ್ಚಳ. ಅಜ್ಜಿಯರು ಮಲಗುವಾಗ ಮಕ್ಕಳ ತುಟಿಗೆ ಬೆಣ್ಣೆಯನ್ನೋ ತುಪ್ಪವನ್ನೋ ಸವರುತ್ತಿದ್ದರಲ್ಲ, ಅದು ಸರಿಯಾದ ದಿಕ್ಕಿನ ಮದ್ದು. ಅದೇ ಕೆಲಸವನ್ನು ಹೆಚ್ಚು ಹೊತ್ತು ಮಾಡುವುದು ಪೆಟ್ರೋಲಿಯಂ ಜೆಲ್ಲಿ. ಅಮೆರಿಕದ ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ವ್ಯಾಸಲೀನ್ ಹೆಸರಿನಲ್ಲಿ ಪೇಟೆಂಟ್ ಪಡೆದ ಈ ಸಾಮಾನು ಇಂದಿಗೂ ಚರ್ಮವೈದ್ಯರ ಮೊದಲ ಸಲಹೆಗಳಲ್ಲೊಂದು. ಬಣ್ಣ, ಪರಿಮಳ ಇಲ್ಲದ ಚಿಕ್ಕ ಡಬ್ಬಿ ಸಾಕು. ಮುಖ ತೊಳೆದು, ತುಟಿಯ ಮೇಲೆ ಇನ್ನೂ ಪಸೆ ಇರುವಾಗಲೇ ಹಚ್ಚಬೇಕು. ಮಲಗುವ ಮುಂಚೆ ದಪ್ಪಗೆ ಹಚ್ಚಬೇಕು.

ಇನ್ನು ನಾಲಿಗೆ. ತುಟಿ ಒಣಗಿದಾಗ ನೆಕ್ಕಬೇಕೆನಿಸುತ್ತದೆ. ಎಂಜಲು ಆರುವಾಗ ತುಟಿ ಇನ್ನಷ್ಟು ಒಣಗುತ್ತದೆ. ಅನ್ನವನ್ನು ಅರಗಿಸಲೆಂದು ಎಂಜಲಿನಲ್ಲಿರುವ ಕಿಣ್ವಗಳು ಒಡೆದ ಚರ್ಮವನ್ನು ಕೆರಳಿಸುತ್ತವೆ. ಮಕ್ಕಳಲ್ಲಿ ಬಾಯಿಯ ಸುತ್ತ ಉಂಗುರದಂತೆ ಕೆಂಪಾಗುವುದು ಹೆಚ್ಚಾಗಿ ಇದರಿಂದಲೇ. "ನೆಕ್ಕಬೇಡ" ಎಂದು ಗದರಿದರೆ ಮಗು ಕೇಳುವುದಿಲ್ಲ. ಗಂಟೆಗೊಮ್ಮೆ ಜೆಲ್ಲಿ ಹಚ್ಚಿದರೆ ನೆಕ್ಕುವ ಆಸೆಯೇ ಕಡಿಮೆಯಾಗುತ್ತದೆ. ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಎಳೆಯುವುದು, ಸಕ್ಕರೆ ಹಾಕಿ ಉಜ್ಜುವುದು, ನಿಂಬೆರಸ ಹಚ್ಚುವುದು ಎಲ್ಲವೂ ಗಾಯವನ್ನು ದೊಡ್ಡದು ಮಾಡುವ ಕೆಲಸಗಳು.

ಅಂಗಡಿಯ ಲಿಪ್ ಬಾಮ್‌ಗಳಲ್ಲೂ ಒಂದು ಮೋಸವಿದೆ. ಮೆಂಥಾಲ್, ಕರ್ಪೂರ, ನೀಲಗಿರಿ, ದಾಲ್ಚಿನ್ನಿ ಸೇರಿದ ಬಾಮ್ ಹಚ್ಚಿದೊಡನೆ ಚುರುಚುರು ಎನ್ನುತ್ತದೆ. ಉರಿದರೆ ಮದ್ದು ಕೆಲಸ ಮಾಡುತ್ತಿದೆ ಎಂದು ನಂಬಿ ಬೆಳೆದವರು ನಾವು. ಮಂಡಿ ತರಚಿದಾಗ ಹಚ್ಚುತ್ತಿದ್ದ ಟಿಂಚರ್ ಕಲಿಸಿದ ಪಾಠ ಅದು. ತುಟಿಯಲ್ಲಿ ಆ ಚುರುಚುರು ಕೆರಳಿಕೆಯ ಗುರುತು. ಕೆರಳಿದ ತುಟಿ ಮತ್ತೆ ಒಣಗುತ್ತದೆ, ಬಾಮ್ ಮತ್ತೆ ಬೇಕಾಗುತ್ತದೆ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಒಡೆದ ತುಟಿಗೆ ಹಚ್ಚಬಾರದು ಎಂದು ಪಟ್ಟಿ ಮಾಡಿರುವುದರಲ್ಲಿ ಇವೆಲ್ಲ ಇವೆ.

ಇಷ್ಟು ಮಾಡಿದರೆ ಸಾಮಾನ್ಯ ಒಡಕು ಎರಡು ಮೂರು ವಾರದೊಳಗೆ ಮಾಯಬೇಕು. ಮಾಯದಿದ್ದರೆ ಅದು ಬೇರೆ ಕಾಯಿಲೆಯಾಗಿರಬಹುದು. ಉಷ್ಣ ಎಂಬ ಪದ ನಿಜಕ್ಕೂ ದುಬಾರಿಯಾಗುವುದು ಇಲ್ಲಿ.

ಮಗನ ಮನೆಗೋ ಮಗಳ ಮನೆಗೋ ಬಂದು ಉಳಿದ ಎಪ್ಪತ್ತು ದಾಟಿದ ತಾಯಿಯ ಬಾಯಿಯ ಎರಡೂ ಮೂಲೆಗಳು ಸೀಳಿ, ಬೆಳ್ಳಗೆ ಪಸೆಗಟ್ಟಿವೆ ಎಂದುಕೊಳ್ಳೋಣ. ಬಾಯಿ ಅಗಲಿಸಿದರೆ ನೋವು, ಅದಕ್ಕೆ ಅವರು ರೊಟ್ಟಿ ಬಿಟ್ಟು ಗಂಜಿಗೆ ಇಳಿದಿದ್ದಾರೆ. ಮನೆಯವರು ಉಷ್ಣವೆಂದು ಮಜ್ಜಿಗೆ ಕೊಡುತ್ತಾರೆ, ಅವರೂ ಉಷ್ಣವೆಂದೇ ಸುಮ್ಮನಿರುತ್ತಾರೆ. ಬಾಯಿಯ ಮೂಲೆಯ ಒಡಕಿಗೆ ಒಣಗಾಳಿಗಿಂತ ಬೇರೆ ಕಾರಣಗಳೇ ಹೆಚ್ಚು. ಸರಿಯಾಗಿ ಕೂರದ ಹಲ್ಲಿನ ಸೆಟ್ಟು, ಮಡಿಕೆಯಲ್ಲಿ ನಿಂತ ಎಂಜಲಿನಲ್ಲಿ ಬೆಳೆಯುವ ಶಿಲೀಂಧ್ರ, ಕಬ್ಬಿಣದ ಅಥವಾ ಬಿ ವಿಟಮಿನ್‌ಗಳ ಕೊರತೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಇವುಗಳಲ್ಲಿ ಯಾವುದಾದರೂ ಇರಬಹುದು. ವೈದ್ಯರಿಗೆ ತೋರಿಸಿ, ಒಂದು ರಕ್ತಪರೀಕ್ಷೆ ಮಾಡಿಸಿ, ಕಾರಣಕ್ಕೆ ತಕ್ಕ ಮುಲಾಮು ಹಚ್ಚಿದರೆ ವಾಸಿಯಾಗುವ ಕಾಯಿಲೆಗೆ ತಿಂಗಳುಗಟ್ಟಲೆ ಮಜ್ಜಿಗೆ ಕುಡಿಸುವುದು ಅನ್ಯಾಯ.

ಕೆಳತುಟಿಯದು ಇನ್ನೊಂದು ಕಥೆ. ವರ್ಷಗಟ್ಟಲೆ ಬಿಸಿಲಲ್ಲಿ ದುಡಿಯುವ ರೈತ, ಗಾರೆ ಕೆಲಸದವರು, ಟ್ರಾಫಿಕ್ ಪೊಲೀಸ್ ಇಂಥವರ ಕೆಳತುಟಿಯ ಮೇಲೆ ಹೋಗಲೊಲ್ಲದ ಒರಟು ಕಲೆ ಅಥವಾ ಬಿಳಿ ಪೊರೆ ಕಾಣಿಸಿದರೆ, ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಬದಲಾವಣೆ ಇರಬಹುದು. ಬೀಡಿ, ತಂಬಾಕು ಇದ್ದವರಿಗೆ ಅಪಾಯ ಹೆಚ್ಚು. ಅದನ್ನು ವೈದ್ಯರಿಗೇ ತೋರಿಸಬೇಕು. ಬಿಸಿಲಿಗೆ ಹೋಗುವವರು ಎಸ್‌ಪಿಎಫ್ 30 ಇರುವ ಬಾಮ್ ಹಚ್ಚುವುದು, ಅಗಲ ಅಂಚಿನ ಟೋಪಿ ಇಡುವುದು ಶೋಕಿಯಲ್ಲ. ಮಾತ್ರೆಗಳನ್ನೂ ವಿಚಾರಿಸಬೇಕು. ಮೊಡವೆಗೆಂದು ಐಸೊಟ್ರೆಟಿನಾಯಿನ್ ನುಂಗುವ ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಎಲ್ಲರ ತುಟಿಯೂ ಒಡೆಯುತ್ತದೆ.

ಮುಂದಿನ ಸಲ ಫೋನಿನಲ್ಲಿ ಈ ದೂರು ಬಂದಾಗ ಊರಿನ ತಾಯಿ ಮಜ್ಜಿಗೆಯ ಮಾತು ಖಂಡಿತ ಹೇಳಲಿ. ಅದರಲ್ಲಿ ಅಕ್ಕರೆ ಇದೆ. ಅದಕ್ಕಿಂತ ಮೊದಲು ಮೂರು ಪ್ರಶ್ನೆ ಕೇಳಲಿ: ತುಟಿ ಒಡೆದದ್ದು ಎಲ್ಲಿ, ಎಷ್ಟು ದಿನವಾಯಿತು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯ? ಮಗನೂ ಊರಿನ ತಾಯಿಗೆ ಅದೇ ಮೂರು ಪ್ರಶ್ನೆ ಕೇಳಲಿ. ಅಲ್ಲಿಂದ "ಏನಿಲ್ಲ ಬಿಡು, ಉಷ್ಣ ಅಷ್ಟೇ" ಎಂಬ ಉತ್ತರ ಬಂದರೆ, ವಿಡಿಯೋ ಕಾಲ್ ಹಚ್ಚಿ ಬಾಯಿಯ ಮೂಲೆಯನ್ನು ಒಮ್ಮೆ ನೋಡಲಿ.